‘ಮಳೆ ಬರಲಿಕ್ಕಿಲ್ಲ’ ಎನ್ನುವುದನ್ನು ಇಂಗ್ಲಿಷಿನಲ್ಲಿ ಕಲಿಸಿದ ಬಗೆ

ತೀರ್ಥಹಳ್ಳಿಯಲ್ಲಿ ಹನ್ನೊಂದು ವರ್ಷಗಳಿಂದ ಸಂಜೆಯ ಹೊತ್ತು ಇಂಗ್ಲಿಷ್ ಮಾತುಗಾರಿಕೆಯ ತರಗತಿ ನಡೆಸುತ್ತಿದ್ದೇನೆ. ಮುಂದಾಗುವುದನ್ನು ಊಹಿಸಿ ಹೇಳುವುದನ್ನು ಕಾಲಗಳ ಪಟ್ಟಿಯಿಲ್ಲದೆ ಕಲಿಸುತ್ತೇನೆ ಎಂದಾಗ ಜೊತೆಯ ಮೇಷ್ಟ್ರುಗಳು ಯಾರೂ ಒಪ್ಪಿರಲಿಲ್ಲ. ಈಗ ಅವರಲ್ಲೇ ಇಬ್ಬರು ಇದೇ ಕ್ರಮವನ್ನು ತಮ್ಮ ತರಗತಿಗೆ ಒಯ್ದಿರುವುದರಿಂದ ಬರೆದಿಡುತ್ತಿದ್ದೇನೆ.

ಎಲ್ಲವೂ ಶುರುವಾದದ್ದು ಒಂದು ದೂರಿನಿಂದ. ಆಗುಂಬೆ ಕಡೆಯ ಹೋಮ್‌ಸ್ಟೇ ಒಂದರಲ್ಲಿ ಕೆಲಸಕ್ಕಿದ್ದ ನನ್ನ ಶಿಷ್ಯನನ್ನು ಅತಿಥಿಗಳು ಬೆಳಿಗ್ಗೆ ಮಳೆಯ ಬಗ್ಗೆ ಕೇಳಿದ್ದಾರೆ. ಅವನ ಮನಸ್ಸಿನಲ್ಲಿದ್ದದ್ದು ‘ಬರಲಿಕ್ಕಿಲ್ಲ’, ಬಾಯಲ್ಲಿ ಬಂದದ್ದು ‘ಇಟ್ ವಿಲ್ ನಾಟ್ ರೈನ್’. ಕೊಡೆ ಬಿಟ್ಟು ಹೋದವರು ತೊಯ್ದು ತೊಪ್ಪೆಯಾಗಿ ಬಂದರು, ಹುಡುಗ ಬೈಸಿಕೊಂಡ. ವಾಕ್ಯದಲ್ಲಿ ವ್ಯಾಕರಣದ ತಪ್ಪಿರಲಿಲ್ಲ. ಅದನ್ನು ಕಲಿಸಿದವನು ನಾನೇ. ಆದರೆ ಅದು ಊಹೆಯಾಗಿ ಕೇಳಿಸದೆ ಭರವಸೆಯಾಗಿ ಕೇಳಿಸಿತ್ತು. ಇಂಗ್ಲಿಷಿನವರು ಅಂಥಲ್ಲಿ ‘ಐ ಡೋಂಟ್ ಥಿಂಕ್ ಇಟ್ ವಿಲ್ ರೈನ್’ ಎನ್ನುತ್ತಾರೆ. ‘ಇಲ್ಲ’ ಎಂಬುದನ್ನು ಮಳೆಗೆ ಹಚ್ಚದೆ ತಮ್ಮ ಅನಿಸಿಕೆಗೆ ಹಚ್ಚುತ್ತಾರೆ.

ಮೊದಲು ‘ವಿಲ್’, ‘ಶಾಲ್’, ‘ಮೇ’, ‘ಮೈಟ್’ ಎಂದು ಚೀಟಿಗಳನ್ನು ಅಚ್ಚು ಹಾಕಿಸಿದೆ. ಸುಮಾರು ಏಳು ಸಾವಿರ ರೂಪಾಯಿ ಹೋಯಿತು. ಇಪ್ಪತ್ತೆರಡು ಮಂದಿಯಲ್ಲಿ ಎಂಟು ಜನ ಉಳಿದರು, ಆ ಎಂಟು ಜನರೂ ಎಲ್ಲದಕ್ಕೂ ‘ವಿಲ್’ ಎಂದೇ ಹೇಳುತ್ತಿದ್ದರು. ಆಮೇಲೆ ನಾಲ್ಕು ಸಾವಿರದಷ್ಟು ಕೊಟ್ಟು ಧ್ವನಿಪಾಠಗಳನ್ನು ತರಿಸಿದೆ. ಅದರಲ್ಲಿ ಬರೀ ಹಿಮ ಬೀಳುವ ಮಾತು. ನಮ್ಮ ಹುಡುಗರು ಹಿಮದ ವಾಕ್ಯಗಳನ್ನು ಬಾಯಿಪಾಠ ಮಾಡಿ ಒಪ್ಪಿಸಿದರು.

ಮೂರನೆಯ ಸಲ ಅಡಿಕೆಯನ್ನೇ ಹಿಡಿದೆ. ಪ್ರತಿಯೊಬ್ಬರೂ ಮನೆಯಿಂದ ಹತ್ತು ಒಣ ಅಡಿಕೆ ತರಬೇಕು, ಜಗಲಿಯಲ್ಲಿ ನಿಂತು ಪಡುವಣ ದಿಕ್ಕು ನೋಡಬೇಕು, ನಾಳೆಯ ಮಳೆಯನ್ನು ಮೊದಲು ಕನ್ನಡದಲ್ಲಿ ಹೇಳಿ ಅದಕ್ಕೆ ತಕ್ಕಷ್ಟು ಅಡಿಕೆಯನ್ನು ಪಣಕ್ಕಿಡಬೇಕು. ‘ಬಂದೇ ಬರುತ್ತದೆ’ ಎನ್ನುವವನು ಹತ್ತನ್ನೂ ಇಡುತ್ತಾನೆ, ಅವನಿಗೆ ‘ಇಟ್ಸ್ ಬೌಂಡ್ ಟು ರೈನ್’. ಏಳೆಂಟು ಇಟ್ಟರೆ ‘ಇಟ್ ವಿಲ್ ಪ್ರಾಬಬ್ಲಿ ರೈನ್’. ‘ಬಂದೀತು’ ಎಂದು ಎರಡೋ ಮೂರೋ ಇಟ್ಟವನಿಗೆ ‘ಮೈಟ್’. ‘ಪ್ರಾಬಬ್ಲಿ’ ಎಂಬುದು ‘ವಿಲ್’ ಆದ ಮೇಲೆ, ಆದರೆ ‘ವೋಂಟ್’ ಎನ್ನುವುದಕ್ಕೆ ಮೊದಲು ಬರುತ್ತದೆಂಬುದೂ ಅಡಿಕೆ ಎಣಿಸುತ್ತಲೇ ಕೂತುಬಿಟ್ಟಿತು. ‘ಬಂದೀತು’, ‘ಬರಬಹುದು’, ‘ಬರಲಿಕ್ಕಿಲ್ಲ’ ಎಂಬ ಮೆಟ್ಟಿಲುಗಳು ನಮ್ಮ ಮಾತಿನಲ್ಲಿ ಮೊದಲೇ ಇರುವಾಗ, ಅವನ್ನು ಬಿಟ್ಟು ಪಟ್ಟಿಯಿಂದ ಕಲಿಸಿದ್ದೇ ನನ್ನ ತಪ್ಪಾಗಿತ್ತು.

‘ಗೋಯಿಂಗ್ ಟು’ ಮಾತ್ರ ಈ ಲೆಕ್ಕಕ್ಕೆ ಸಿಗದೆ ಎರಡು ತಿಂಗಳು ಕಾಡಿತು. ಒಂದು ಸಂಜೆ ಗುಡ್ಡದ ನೆತ್ತಿಯಿಂದ ಕರಿಮೋಡ ಇಳಿಯುತ್ತಿದ್ದಾಗ ಮರ ಹತ್ತಿ ಅಡಿಕೆ ಗೊನೆ ಇಳಿಸುವ ಕೊನೆಗಾರರೊಬ್ಬರ ಮಗಳು, “ಮೇಷ್ಟ್ರೇ, ಮೋಡ ಕಣ್ಣೆದುರಿಗೇ ಇದೆಯಲ್ಲ, ಇದಕ್ಕೆ ಅಡಿಕೆ ಯಾಕೆ ಇಡಬೇಕು?” ಎಂದಳು. ಅಲ್ಲಿಗೆ ಗಂಟು ಬಿಚ್ಚಿತು. ಕಣ್ಣೆದುರಿನ ಕುರುಹನ್ನು ನೋಡಿ ‘ಬರುವ ಹಾಗಿದೆ’ ಎನ್ನುವಲ್ಲಿ ‘ಇಟ್ಸ್ ಗೋಯಿಂಗ್ ಟು ರೈನ್’. ತನ್ನ ಅಂದಾಜಿನಿಂದ ಹೇಳುವಲ್ಲಿ ‘ಐ ಥಿಂಕ್ ಇಟ್ ವಿಲ್’. ದಿನಬಳಕೆಯಲ್ಲಿ ಇಂಗ್ಲಿಷಿನವರು ಎಷ್ಟೋ ಕಡೆ ಇವೆರಡನ್ನೂ ಅದಲು ಬದಲು ಮಾಡುತ್ತಾರೆ, ಆದುದರಿಂದ ನಾನು ಇದನ್ನು ಕಟ್ಟುನಿಟ್ಟಿನ ನಿಯಮ ಮಾಡಲಿಲ್ಲ.

ನಡುವೆ ಹವಾಮಾನ ಇಲಾಖೆಯ ‘ಲೈಕ್ಲಿ’, ‘ವೆರಿ ಲೈಕ್ಲಿ’ಗಳನ್ನು ಸೇರಿಸಿ ನೋಡಿದೆ. ಹುಡುಗರು ಪ್ರಕಟಣೆ ಓದಿದಂತೆ ಮಾತಾಡತೊಡಗಿದ್ದರಿಂದ ವಾರದಲ್ಲೇ ಕೈಬಿಟ್ಟೆ. ತೋಟದಲ್ಲಿ ಮಾಡಿದ ಪ್ರಯೋಗ ಚೆನ್ನಾಗಿ ಫಲಿಸಿತು. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ದಿನ ಮಳೆ ಬಿಟ್ಟು ಒಂದು ಹೊಳವು ಸಿಕ್ಕಿತ್ತು, ಮೈಲುತುತ್ತವೂ ಸುಣ್ಣವೂ ಡ್ರಮ್ಮಿನಲ್ಲಿ ಸಿದ್ಧವಾಗಿದ್ದವು. ‘ಮಧ್ಯಾಹ್ನದೊಳಗೆ ಮುಗಿದೀತು’ ಎಂಬುದಕ್ಕೆ ‘ವಿ ಶುಡ್ ಬಿ ಡನ್ ಬೈ ನೂನ್’ ಎಂದು ಹೇಳಿಕೊಟ್ಟೆ. ಇಂಥ ‘ಶುಡ್’ ಸಾಮಾನ್ಯವಾಗಿ ಆಗಲೆಂದು ಬಯಸುವ ಸಂಗತಿಗೆ ಒಪ್ಪುತ್ತದೆ. ಕೊಳೆ ಬಂದೀತು ಎನ್ನಲು ಅದನ್ನು ಬಳಸಿದರೆ ಕಿವಿಗೆ ಒಗ್ಗುವುದಿಲ್ಲ. ‘ಮಳೆ ಬಂದರೆ’ ಎನ್ನುವಲ್ಲಿ ‘ಇಫ್ ಇಟ್ ವಿಲ್ ರೈನ್’ ಎನ್ನುವ ಹಳೆಯ ಚಾಳಿಯೂ ಅಲ್ಲೇ ಬಿಟ್ಟಿತು, ಏಕೆಂದರೆ ನಮ್ಮ ‘ಬಂದರೆ’ಯಲ್ಲೂ ಭವಿಷ್ಯದ ಗುರುತಿಲ್ಲವಲ್ಲ ಎಂದು ತೋರಿಸಿದ್ದಷ್ಟೇ ಸಾಕಾಯಿತು.

ಮೊದಲ ವಾರ ಯಾವ ಮೂರು ಪ್ರಶ್ನೆಗಳನ್ನು ಯಾವ ಕ್ರಮದಲ್ಲಿ ಕೇಳುತ್ತೇನೆ, ಸೋತ ಅಡಿಕೆಯನ್ನು ಹೇಗೆ ಹಂಚುತ್ತೇನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ತರಗತಿಗೆ ಬಂದು ಕೂತವರಿಗೆ ತೋರಿಸುತ್ತೇನೆ. ಈಗ ಮೂವತ್ತರ ಮೇಲೆ ಜನರಿದ್ದಾರೆ, ತಿಂಗಳಿಗೆ ಆರುನೂರು ಶುಲ್ಕ, ಅಚ್ಚಿನ ಖರ್ಚು ಸೊನ್ನೆ. ಹೋಮ್‌ಸ್ಟೇಯ ಆ ಹುಡುಗ ಈ ಮಳೆಗಾಲ ಅತಿಥಿಗಳಿಗೆ ‘ಇಟ್ ಮೈಟ್ ಕ್ಲಿಯರ್ ಅಪ್, ಬಟ್ ಟೇಕ್ ಅಂಬ್ರೆಲಾಸ್’ ಎಂದು ಹೇಳಿ ಕಳಿಸಿದನಂತೆ.

ಹೋದ ತಿಂಗಳಿಂದ ಮಳೆಯ ಬದಲು ಶಿವಮೊಗ್ಗ ಮಾರುಕಟ್ಟೆಯ ‘ರಾಶಿ’ ಎಂಬ ಬಗೆಯ ಅಡಿಕೆಯ ಧಾರಣೆಯನ್ನು ಊಹಿಸಲು ಕೊಡುತ್ತಿದ್ದೇನೆ. ಅದಕ್ಕೆ ಮೂರಕ್ಕಿಂತ ಹೆಚ್ಚು ಅಡಿಕೆಯನ್ನು ಇದುವರೆಗೆ ಯಾರೂ ಇಟ್ಟಿಲ್ಲ. ಎಲ್ಲರೂ ‘ಮೈಟ್’ನಲ್ಲೇ ನಿಂತಿದ್ದಾರೆ.