ಸೋಪು ಮೆತ್ತಗಾಯಿತೇ? ಮೊದಲು ತೂಗಿ ನೋಡಿ

ಹೆಬ್ಬೆರಳಲ್ಲಿ ಒತ್ತಿದರೆ ಬೆಣ್ಣೆಯ ಹಾಗೆ ತಗ್ಗುತ್ತದೆ. ಮೊದಲ ಸಲ ಸೋಪು ಮಾಡಿದವರು ಇಂಥ ಬಿಲ್ಲೆ ಹಿಡಿದುಕೊಂಡು ನನ್ನ ಹತ್ತಿರ ಬರುತ್ತಲೇ ಇರುತ್ತಾರೆ. ಅಷ್ಟರಲ್ಲಿ ಕೆಲವರು ಅಂದಾಜಿನ ಮೇಲೆ ಇನ್ನೊಂದು ಚಮಚ ಕಾಸ್ಟಿಕ್ ಸೋಡಾ (ಎಣ್ಣೆಯನ್ನು ಸೋಪಾಗಿಸುವ ಕ್ಷಾರ) ಸುರಿದಾಗಿರುತ್ತದೆ. ಕೆಲವರು ಬಿಸಿಲಿಗಿಟ್ಟಿರುತ್ತಾರೆ. ಬಿಸಿಲಿಗೆ ಮೇಲ್ಪದರ ಒಣಗುತ್ತದೆ, ಒಳಗೆ ಹಾಗೇ ಹಸಿ ಉಳಿಯುತ್ತದೆ, ಎಣ್ಣೆಗೆ ಕಮಟು ವಾಸನೆಯೂ ಹತ್ತುತ್ತದೆ. ಕಾರಣ ಗೊತ್ತಾಗುವ ತನಕ ಸೋಪಿಗೆ ಕೈ ಹಾಕಬೇಡಿ.

ಮೊದಲು ಒಂದು ಬಿಲ್ಲೆಯನ್ನು ಡಿಜಿಟಲ್ ತಕ್ಕಡಿಯಲ್ಲಿ ತೂಗಿ, ತೂಕ ಬರೆದಿಡಿ. ವಾರ ಬಿಟ್ಟು ಮತ್ತೆ ತೂಗಿ. ತೂಕ ಇಳಿದಿದ್ದರೆ ನೀರು ಆರುತ್ತಿದೆ ಎಂದರ್ಥ. ಸುಮ್ನೆ ಕಾಯಿರಿ, 4ರಿಂದ 6 ವಾರ ಬೇಕು. ಕರಾವಳಿಯ ಮಳೆಗಾಲದಲ್ಲಿ ಇನ್ನೂ ಜಾಸ್ತಿ. ಸೋಪಿನೊಳಗಿನ ಗ್ಲಿಸರಿನ್ ಗಾಳಿಯ ತೇವ ಎಳೆದುಕೊಳ್ಳುತ್ತದೆ. ಆಟಿ ತಿಂಗಳಲ್ಲಿ (ಜುಲೈ–ಆಗಸ್ಟ್) ಬಿಲ್ಲೆಯ ಮೇಲೆ ಹನಿ ಮೂಡುವುದು ಅದಕ್ಕೇ. ಜಾಲರಿಯ ಮೇಲೆ ಬಿಡಿಬಿಡಿಯಾಗಿ ಇಟ್ಟು ಫ್ಯಾನ್ ಹಾಕಿ.

ತೂಕ ಇಳಿಯುತ್ತಿಲ್ಲ, ಮೇಲೆ ಎಣ್ಣೆ ಜಿನುಗುತ್ತಿದೆ ಎಂದರೆ ಕಾಸ್ಟಿಕ್ ಸೋಡಾ ಕಡಿಮೆ ಬಿದ್ದಿರಬಹುದು. ಲೆಕ್ಕ ಹಾಕಿ. 100 ಗ್ರಾಂ ಕೊಬ್ಬರಿ ಎಣ್ಣೆಗೆ ಸುಮಾರು 18.3 ಗ್ರಾಂ, ಎಳ್ಳೆಣ್ಣೆಗೆ 13.4, ಹರಳೆಣ್ಣೆಗೆ 12.8 ಗ್ರಾಂ ಬೇಕು. 350 ಗ್ರಾಂ ಕೊಬ್ಬರಿ ಎಣ್ಣೆ, 100 ಗ್ರಾಂ ಎಳ್ಳೆಣ್ಣೆ, 50 ಗ್ರಾಂ ಹರಳೆಣ್ಣೆ ಹಾಕಿದ್ದರೆ ಒಟ್ಟು 84 ಗ್ರಾಂ ಹತ್ತಿರ ಆಗುತ್ತದೆ. ಚರ್ಮಕ್ಕೆ ಉರಿಯದಿರಲೆಂದು 5% ಕಳೆದರೆ 80 ಗ್ರಾಂ. ನೀವು ಹಾಕಿದ್ದು 70 ಆಗಿದ್ದರೆ 10 ಗ್ರಾಂ ಕೊರತೆ. ಎಷ್ಟು ಹಾಕಿದ್ದೆವು ಎಂಬುದೇ ನೆನಪಿಲ್ಲದಿದ್ದರೆ ಆ ಸೋಪನ್ನು ಮೈಗೆ ಹಚ್ಚಬೇಡಿ. ಕೈಗವಸು ಹಾಕಿಕೊಂಡು ನೆಲ ಒರೆಸುವ ಬಟ್ಟೆ ಒಗೆಯಲು ಬಳಸಿ.

ಸೋಡಾ ಕೊಳ್ಳುವಾಗಲೂ ಹುಷಾರು. ತೇವ ಹೀರಿ ಹೆಂಟೆಗಟ್ಟಿದ ಸೋಡಾ ತಕ್ಕಡಿಯಲ್ಲಿ 80 ಗ್ರಾಂ ತೂಗಿದರೂ ಅದರಲ್ಲಿ ಸ್ವಲ್ಪ ಬರೀ ನೀರೇ ಇರುತ್ತದೆ. ಸಿಂಕ್ ಕಟ್ಟಿದಾಗ ಹಾಕುವ ಪುಡಿಯಂತೂ ಬೇಡವೇ ಬೇಡ, ಕೆಲವದರಲ್ಲಿ ಅಲ್ಯೂಮಿನಿಯಂ ಚೂರು ಇರುತ್ತದೆ. ಕೆಮಿಕಲ್ ಅಂಗಡಿಯಲ್ಲಿ ಶುದ್ಧತೆ ಬರೆದ ಡಬ್ಬಿಯನ್ನೇ ಕೇಳಿ.

ಈಗ ಕೊರತೆ ತುಂಬಲು ಸೋಪನ್ನು ಮರುಬೇಯಿಸುವುದು. ಎಲ್ಲರೂ ಎಡವುವುದು ಇಲ್ಲೇ. ಕನ್ನಡಕ, ಕೈಗವಸು ಹಾಕಿ, ಕಿಟಕಿ ತೆರೆಯಿರಿ. ಸ್ಟೀಲ್ ಪಾತ್ರೆಯೇ ಆಗಬೇಕು, ಅಲ್ಯೂಮಿನಿಯಂ ಪಾತ್ರೆಯನ್ನು ಸೋಡಾ ತಿನ್ನುತ್ತದೆ. ಸೋಪು ಪಾತ್ರೆಯ ಅರ್ಧಕ್ಕಿಂತ ಕೆಳಗಿರಲಿ. ಸೋಪನ್ನು ತುರಿಯಿರಿ. ತುರಿಯಲಾಗದಷ್ಟು ಮೆತ್ತಗಿದ್ದರೆ ಚಾಕುವಿನಿಂದ ಚೂರು ಮಾಡಿ. ಕುದಿಯುವ ನೀರಿನ ದೊಡ್ಡ ಪಾತ್ರೆಯೊಳಗೆ ಇದನ್ನಿಟ್ಟು, ಮುಚ್ಚಿ, ಸಣ್ಣ ಉರಿಯಲ್ಲಿ ಬಿಡಿ. ಮೆತ್ತಗಿನ ಸೋಪಿಗೆ ಕರಗಲೆಂದು ನೀರು ಹಾಕಲೇಬೇಡಿ, ಅದರಲ್ಲಿ ಆಗಲೇ ಬೇಕಾದಷ್ಟಿದೆ.

ಕೊರತೆಯ 10 ಗ್ರಾಂ ಸೋಡಾವನ್ನು 20 ಗ್ರಾಂ ನೀರಿಗೆ ಹಾಕಿ ಕರಗಿಸಿ. ಸೋಡಾ ನೀರಿಗೆ ಬೀಳಬೇಕು, ನೀರು ಸೋಡಾಕ್ಕೆ ಯಾವತ್ತೂ ಬೀಳಬಾರದು. ಈ ನೀರು ತಣ್ಣಗಾದ ಮೇಲೆ, ಕರಗಿದ ಸೋಪಿಗೆ ಸಣ್ಣ ಧಾರೆಯಾಗಿ ಬಿಡಿ. ಒಮ್ಮೆಲೇ ಸುರಿದರೆ ಹಾಲಿನ ಹಾಗೆ ಉಕ್ಕುತ್ತದೆ. ಹತ್ತು ನಿಮಿಷಕ್ಕೊಮ್ಮೆ ಮರದ ಸಟ್ಟುಗದಿಂದ ತಳದಿಂದ ಮಗುಚಿ. ಗರಗರ ತಿರುಗಿಸಿದರೆ ನೊರೆ ತುಂಬಿಕೊಳ್ಳುತ್ತದೆ. ಮೊದಲು ಗಂಟುಗಂಟಾಗಿ ಇರುತ್ತದೆ, ಗಾಬರಿ ಬೇಡ. ಒಂದು ಗಂಟೆ ಕಳೆಯುವಾಗ ಅಂಚು ವ್ಯಾಸಲೀನಿನಂತೆ ಅರೆಪಾರದರ್ಶಕ ಆಗುತ್ತದೆ. ಆಮೇಲೆ ಇಡೀ ಪಾತ್ರೆ ಹಾಗಾಗುತ್ತದೆ. ಚೂರು ತೆಗೆದು ತಣ್ಣಗಾಗಿಸಿ, ಒದ್ದೆ ಬೆರಳಿಗೆ ಉಜ್ಜಿ, ನಾಲಿಗೆಯ ತುದಿಗೆ ಮುಟ್ಟಿಸಿ, ತಕ್ಷಣ ಬಾಯಿ ತೊಳೆಯಿರಿ. ಬ್ಯಾಟರಿ ಮುಟ್ಟಿದ ಹಾಗೆ ಚುರುಕ್ ಎಂದರೆ ಇನ್ನೂ ಬೇಯಬೇಕು.

ಲೆಕ್ಕ ಸರಿಯಿದ್ದು, ಸೂರ್ಯಕಾಂತಿ ಎಣ್ಣೆಯೋ ಹರಳೆಣ್ಣೆಯೋ ಜಾಸ್ತಿಯಾಗಿ ಮೆತ್ತಗಾಗಿದ್ದರೆ ಮತ್ತೆ ಸೋಡಾ ಬೇಡ. 500 ಗ್ರಾಂ ಎಣ್ಣೆಯ ಸೋಪನ್ನು ಹೀಗೇ ಕರಗಿಸಿ, ಅದಕ್ಕೆ ಒಂದು ಟೀ ಚಮಚ ಉಪ್ಪನ್ನು ಎರಡು ದೊಡ್ಡ ಚಮಚ ಬಿಸಿನೀರಿನಲ್ಲಿ ಕರಗಿಸಿ ಸೇರಿಸಿ. ಇದಕ್ಕಿಂತ ಜಾಸ್ತಿ ಬೇಡ, ಸೋಪು ಒಡೆದ ಹಾಲಿನಂತಾಗುತ್ತದೆ. ನನಗೆ ಇನ್ನೂ ಇಷ್ಟದ ದಾರಿ ಬೇರೆ: ಬರೀ ಕೊಬ್ಬರಿ ಎಣ್ಣೆಯಲ್ಲಿ ಮಾಡಿದ ಗಟ್ಟಿ ಸೋಪನ್ನು ತುರಿದು, ಸಮಪಾಲು ಬೆರೆಸಿ ಬೇಯಿಸುವುದು. ಮುಂದಿನ ಸಲ ಹರಳೆಣ್ಣೆಯನ್ನು 10% ದಾಟಿಸಬೇಡಿ.

ಬಿಸಿ ಇರುವಾಗಲೇ ಅಚ್ಚಿಗೆ ತುಂಬಿ, ಅಚ್ಚನ್ನು ಮೇಜಿಗೆ ನಾಲ್ಕೈದು ಸಲ ಕುಟ್ಟಿ. ಇಲ್ಲದಿದ್ದರೆ ಒಳಗೆ ಗಾಳಿಯ ತೂತು ಉಳಿಯುತ್ತದೆ. ಸಿಲಿಕೋನ್ ಅಚ್ಚು ತೇವವನ್ನು ಬಿಡುವುದಿಲ್ಲ, ಕಾಗದ ಹಾಸಿದ ಮರದ ಪೆಟ್ಟಿಗೆಯೇ ಒಳ್ಳೆಯದು. ಎರಡು ದಿನ ಬಿಟ್ಟು ತೆಗೆದು ಕತ್ತರಿಸಿ, ಜಾಲರಿಯ ಮೇಲಿಡಿ. ಒಂದು ಬಿಲ್ಲೆಯನ್ನು ಅವತ್ತೇ ತೂಗಿ, ತಾರೀಕು ಹಾಕಿ ಬರೆದಿಡಿ.