ಹಳೇ ಗಾಳಿಯಂತ್ರದ ಕಪ್ಪು-ಬಿಳುಪು ಫೋಟೋ: ಮೊದಲು ಗಾಳಿ ನೋಡಿ, ಆಮೇಲೆ ಬೆಳಕು

ಊರಿಂದ ಯಾರೇ ನೆಂಟರು ಬರಲಿ, ಅವರನ್ನು ನೆದರ್‌ಲ್ಯಾಂಡ್ಸ್‌ನ ಕಿಂಡರ್‌ಡೈಕ್‌ಗೆ ಕರೆದುಕೊಂಡು ಹೋಗುವುದು ನಮ್ಮ ಮನೆಯ ರೂಢಿ. ರಾಟರ್‌ಡ್ಯಾಮ್‌ನಿಂದ ವಾಟರ್‌ಬಸ್ ಹತ್ತಿದರೆ ಸಾಕು, ನದಿಯ ಮೇಲೇ ಹೋಗಿ ಇಳಿಯಬಹುದು. ಅಲ್ಲಿ ಕಾಲುವೆಗಳ ದಂಡೆಯಲ್ಲಿ 19 ಹಳೇ ಗಾಳಿಯಂತ್ರಗಳು ನಿಂತಿವೆ. 1997ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿದವು. ಎಲ್ಲರೂ ನೂರಾರು ಫೋಟೋ ತೆಗೆಯುತ್ತಾರೆ, ಸಂಜೆ ಮನೆಗೆ ಬಂದು ಒಂದೆರಡನ್ನು ಕಪ್ಪು-ಬಿಳುಪು ಮಾಡಿ ನೋಡುತ್ತಾರೆ, ಆಗ ಕಾಣುವುದು ಬೂದು ಆಕಾಶ, ಬೂದು ಹುಲ್ಲು, ನಡುವೆ ಒಂದು ಬೂದು ಕಟ್ಟಡ. ಬಣ್ಣದಲ್ಲಿ ಚೆನ್ನಾಗಿದ್ದ ಫೋಟೋ ಕಪ್ಪು-ಬಿಳುಪಿನಲ್ಲಿ ಸಪ್ಪೆ. ಹಾಗಾಗದಿರಲು ಏನು ಮಾಡಬೇಕು ಅಂತ ನಾನು ಕೆಲವು ವರ್ಷ ಅಲ್ಲೇ ಓಡಾಡಿ ಕಲಿತದ್ದನ್ನು ಹೇಳುತ್ತೇನೆ.

ಮೊದಲು ಇವು ಏನು ಅಂತ ತಿಳಿದಿರಲಿ. ಇವು ಹಿಟ್ಟು ಬೀಸುವ ಗಿರಣಿಗಳಲ್ಲ. ನಮ್ಮಲ್ಲಿ ಏತ, ಕಪಿಲೆ ಹೂಡಿ ಬಾವಿಯಿಂದ ನೀರೆತ್ತುತ್ತಿದ್ದರಲ್ಲ, ಇವುಗಳದ್ದೂ ನೀರೆತ್ತುವ ಕೆಲಸವೇ. ಆದರೆ ಗದ್ದೆಗೆ ನೀರು ತರಲು ಅಲ್ಲ, ತಗ್ಗು ನೆಲದಲ್ಲಿ ನಿಂತ ನೀರನ್ನು ಮೇಲಿನ ಕಾಲುವೆಗೆ ಎತ್ತಿ ಹಾಕಲು. 1738ರಲ್ಲಿ ಕಟ್ಟಿದ ಎಂಟು ಯಂತ್ರಗಳು ಇಟ್ಟಿಗೆಯವು, ಗುಂಡಗಿವೆ. 1740ರ ಎಂಟು ಯಂತ್ರಗಳು ಎಂಟು ಮೂಲೆಯವು, ಮೈತುಂಬ ಹುಲ್ಲು ಹೊದಿಸಿದ್ದಾರೆ. ಕಪ್ಪು-ಬಿಳುಪಿಗೆ ನನ್ನ ಓಟು ಹುಲ್ಲಿನವಕ್ಕೆ. ಆ ಹುಲ್ಲಿನ ಮೇಲೆ ಬೆಳಕು ಓರೆಯಾಗಿ ಬಿದ್ದಾಗ ಒಂದೊಂದು ಕಡ್ಡಿಯೂ ಬೇರೆ ಬೇರೆ ಕಾಣುತ್ತದೆ. ಎಂಟು ಮೂಲೆ ಇರುವುದರಿಂದ ಒಂದು ಮುಖ ಬೆಳ್ಳಗೆ, ಪಕ್ಕದ್ದು ಬೂದು, ಅದರಾಚೆಯದು ಕಪ್ಪು. ಬಣ್ಣವಿಲ್ಲದ ಫೋಟೋಗೆ ಬೇಕಾಗಿರುವುದು ಅದೇ ಅಲ್ವಾ?

ಈಗ ಮುಖ್ಯ ವಿಷಯ. ಸಾಮಾನ್ಯವಾಗಿ ಕಟ್ಟಡದ ಫೋಟೋಗೆ ಹೋಗುವಾಗ ಸೂರ್ಯ ಎಲ್ಲಿರುತ್ತಾನೆ ಅಂತ ನೋಡಿಕೊಂಡು ಹೋಗುತ್ತೇವೆ. ದೇವಸ್ಥಾನದ ಬಾಗಿಲು ಪೂರ್ವಕ್ಕಿದ್ದರೆ ಬೆಳಿಗ್ಗೆ ಹೋದರಾಯಿತು. ಗಾಳಿಯಂತ್ರಕ್ಕೆ ಈ ಲೆಕ್ಕ ಹಿಡಿಯುವುದಿಲ್ಲ, ಯಾಕೆಂದರೆ ಅದರ ಮುಖ ತಿರುಗುತ್ತದೆ. ಮೇಲಿನ ಟೋಪಿಗೆ ಹಿಂದುಗಡೆ ಉದ್ದದ ಮರದ ಬಾಲ ಇರುತ್ತದೆ, ನೆಲದ ಹತ್ತಿರ ಒಂದು ಚಕ್ರ ಇರುತ್ತದೆ, ಯಂತ್ರ ನೋಡಿಕೊಳ್ಳುವವರು ಆ ಚಕ್ರ ಸುತ್ತಿ ಇಡೀ ಟೋಪಿಯನ್ನು ರೆಕ್ಕೆ ಸಮೇತ ಗಾಳಿಗೆ ಎದುರಾಗಿ ನಿಲ್ಲಿಸುತ್ತಾರೆ. ಅಂದರೆ ನಿಮ್ಮ ಫೋಟೋದ ಮುಖ ಯಾವ ಕಡೆ ಇರಬೇಕು ಅಂತ ಹೇಳುವುದು ಗಾಳಿ. ಹೊರಡುವ ಮುಂಚೆ ಹವಾಮಾನದ ಆ್ಯಪ್‌ನಲ್ಲಿ ಮೋಡ ಮಳೆ ನೋಡುವ ಹಾಗೆಯೇ ಗಾಳಿಯ ದಿಕ್ಕನ್ನೂ ನೋಡಿ.

ಇಲ್ಲಿ ಜಾಸ್ತಿ ಬೀಸುವುದು ನೈಋತ್ಯದ ಗಾಳಿ, ನಮ್ಮ ಮುಂಗಾರು ಬರುವ ದಿಕ್ಕಿನದೇ. ಆಗ ರೆಕ್ಕೆಗಳು ನೈಋತ್ಯಕ್ಕೆ ಮುಖ ಮಾಡಿರುತ್ತವೆ. ಬೆಳಿಗ್ಗೆ ಬೇಗ ಹೋದರೆ ಮುಖ ನೆರಳಲ್ಲಿರುತ್ತದೆ, ಬರೀ ಕಪ್ಪು ಆಕಾರ ಸಿಗುತ್ತದೆ. ಅದೇ ಬೇಕಿದ್ದರೆ ಬೆಳಗಿನ ಹೊತ್ತೇ ಸರಿ. ಹುಲ್ಲಿನ ಕಡ್ಡಿ, ರೆಕ್ಕೆಯ ಮರದ ಹಂದರ ಎಲ್ಲ ಕಾಣಬೇಕಿದ್ದರೆ ಸೂರ್ಯ ದಕ್ಷಿಣಕ್ಕೆ ಬಂದ ಹೊತ್ತಿಗೆ ಅಥವಾ ಪಶ್ಚಿಮಕ್ಕೆ ಇಳಿದ ಮೇಲೆ ನಿಲ್ಲಿ. ಎರಡೂ ಹೊತ್ತಿನಲ್ಲಿ ಬೆಳಕು ಪಕ್ಕದಿಂದ ಬರುತ್ತದೆ. ನಡುವೆ ನೈಋತ್ಯದಲ್ಲೇ ಸೂರ್ಯ ಇದ್ದಾಗ ಬೆಳಕು ಮುಖಕ್ಕೆ ನೇರ ಹೊಡೆಯುತ್ತದೆ, ಎಲ್ಲ ಚಪ್ಪಟೆಯಾಗುತ್ತದೆ. ಗಾಳಿ ಪೂರ್ವದಿಂದ ಬರುತ್ತಿದ್ದರೆ ಈ ಲೆಕ್ಕ ಪೂರ್ತಿ ಉಲ್ಟಾ, ಬೆಳಿಗ್ಗೆಯೇ ಹೋಗಬೇಕು.

ಚಳಿಗಾಲದ ಬಗ್ಗೆ ಒಂದು ಮಾತು. ಬೆಂಗಳೂರಿನಲ್ಲಿ ಡಿಸೆಂಬರ್ ಮಧ್ಯಾಹ್ನವೂ ಸೂರ್ಯ 50 ಡಿಗ್ರಿಗಿಂತ ಮೇಲಿರುತ್ತಾನೆ. ಇಲ್ಲಿ ಡಿಸೆಂಬರ್ ಕೊನೆಗೆ ನಡು ಮಧ್ಯಾಹ್ನದಲ್ಲೂ ಸುಮಾರು 15 ಡಿಗ್ರಿ ಅಷ್ಟೇ. ಊರಲ್ಲಿ ಬೆಳಿಗ್ಗೆ ಏಳೂವರೆ ಎಂಟಕ್ಕೆ ಸಿಗುವ ಓರೆ ಬೆಳಕು ಇಲ್ಲಿ ಇಡೀ ದಿನ ಸಿಗುತ್ತದೆ. ಸೂರ್ಯ ಹುಟ್ಟುವುದೇ ಎಂಟೂ ಮುಕ್ಕಾಲರ ಸುಮಾರಿಗೆ. ಚಳಿ ಇದೆ ಅಂತ ಮನೆಯಲ್ಲಿ ಕೂರಬೇಡಿ, ಕಪ್ಪು-ಬಿಳುಪಿಗೆ ಇದಕ್ಕಿಂತ ಒಳ್ಳೆ ಕಾಲ ಇಲ್ಲ. ಎರಡು ಜೊತೆ ಸಾಕ್ಸ್ ಹಾಕಿಕೊಳ್ಳಿ, ಬ್ಯಾಟರಿಯನ್ನು ಒಳಜೇಬಿನಲ್ಲಿ ಬೆಚ್ಚಗಿಡಿ.

ಇನ್ನು ರೆಕ್ಕೆ. ತಿರುಗುವ ರೆಕ್ಕೆಯನ್ನು ಹೇಗೆ ತೋರಿಸಬೇಕು ಅನ್ನುವುದರಲ್ಲೇ ಅರ್ಧ ಫೋಟೋ ಇದೆ. ಜಾಸ್ತಿ ಜನ ಆಟೋದಲ್ಲಿ ಬಿಟ್ಟುಬಿಡುತ್ತಾರೆ, ಕ್ಯಾಮೆರಾದ ಶಟರ್ ಸೆಕೆಂಡಿನ 1/500 ಭಾಗ ಅಥವಾ ಅದಕ್ಕಿಂತ ಕಡಿಮೆ ಹೊತ್ತು ತೆರೆಯುತ್ತದೆ, ಬರ್ರನೆ ತಿರುಗುತ್ತಿದ್ದ ಯಂತ್ರ ಫೋಟೋದಲ್ಲಿ ಕೆಟ್ಟು ನಿಂತ ಹಾಗೆ ಕಾಣುತ್ತದೆ. ಇದಕ್ಕೆ ಸುಲಭದ ಲೆಕ್ಕ ಇದೆ. ಯಂತ್ರ ನಡೆಸುವವರು ವೇಗವನ್ನು ಸುತ್ತುಗಳಲ್ಲಿ ಹೇಳುವುದಿಲ್ಲ, ಒಂದು ನಿಮಿಷಕ್ಕೆ ಎಷ್ಟು ರೆಕ್ಕೆ ತುದಿ ಕೆಳಗೆ ಹಾದುಹೋಯಿತು ಅಂತ ಎಣಿಸುತ್ತಾರೆ. ನೀವೂ 15 ಸೆಕೆಂಡು ಎಣಿಸಿ, ನಾಲ್ಕರಿಂದ ಗುಣಿಸಿ. 60 ಬಂತು ಅನ್ನಿ. ನಾಲ್ಕು ರೆಕ್ಕೆ, ಹಾಗಾಗಿ ನಿಮಿಷಕ್ಕೆ 15 ಸುತ್ತು, ಒಂದು ಸುತ್ತಿಗೆ 4 ಸೆಕೆಂಡು. ನಿಧಾನ ಅನ್ನಿಸುತ್ತದೆ. ಆದರೆ ತುದಿಯಿಂದ ತುದಿಗೆ ಸುಮಾರು 28 ಮೀಟರ್ ಇರುವ ರೆಕ್ಕೆ ಅದು, ಆ ವೇಗದಲ್ಲಿ ತುದಿ ಗಂಟೆಗೆ 80 ಕಿಲೋಮೀಟರ್ ಹತ್ತಿರ ಓಡುತ್ತಿರುತ್ತದೆ. 1/500ರಲ್ಲಿ ತುದಿ ಕದಲುವುದು ನಾಲ್ಕೈದು ಸೆಂಟಿಮೀಟರ್, ದೂರದಿಂದ ಗೊತ್ತೇ ಆಗುವುದಿಲ್ಲ. 1/30ರಲ್ಲಿ ಮುಕ್ಕಾಲು ಮೀಟರ್ ಕದಲುತ್ತದೆ. 1/8ಕ್ಕೆ ಇಳಿಸಿದರೆ ಎರಡೂವರೆ ಮೀಟರಿಗೂ ಜಾಸ್ತಿ. ಒಂದು ಸೆಕೆಂಡು ತೆರೆದಿಟ್ಟರೆ ಒಂದು ರೆಕ್ಕೆ ಇನ್ನೊಂದರ ಜಾಗಕ್ಕೇ ಬಂದುಬಿಡುತ್ತದೆ, ರೆಕ್ಕೆಗಳು ಮಾಯವಾಗಿ ಬರೀ ಮಂಜಿನ ತಟ್ಟೆ ಉಳಿಯುತ್ತದೆ.

ನನಗೆ ಇಷ್ಟವಾಗುವುದು 1/15ರಿಂದ 1/8ರ ನಡುವೆ. ನಡುಭಾಗದಲ್ಲಿ ಹಂದರ ಸ್ಪಷ್ಟ, ತುದಿಗೆ ಹೋಗುತ್ತಾ ಕರಗುತ್ತದೆ, ಗಾಳಿ ಕಣ್ಣಿಗೆ ಕಾಣುತ್ತದೆ. ಇದಕ್ಕೆ ಟ್ರೈಪಾಡ್ ಬೇಕೇ ಬೇಕು. ಬಿಸಿಲಿದ್ದರೆ ಬೆಳಕು ತಗ್ಗಿಸಲು 5 ಸ್ಟಾಪ್‌ನ (ಒಂದೊಂದು ಸ್ಟಾಪ್‌ಗೂ ಬೆಳಕು ಅರ್ಧವಾಗುತ್ತದೆ) ಎನ್‌ಡಿ ಫಿಲ್ಟರ್ ಅಂದರೆ ಬೂದು ಗಾಜು ಹಾಕಿ, ಬೆಳಕಿನ ಸೂಕ್ಷ್ಮತೆ ಐಎಸ್‌ಒ 100, ಲೆನ್ಸ್‌ನ ಕಿಂಡಿ ಎಫ್ 11. ಫಿಲ್ಮ್‌ನಲ್ಲಿ ತೆಗೆಯುವವರಿಗೆ ಒಂದು ಅನುಕೂಲ ಇದೆ: ಕೆಂಪು ಫಿಲ್ಟರ್ ತಾನೇ ಮೂರು ಸ್ಟಾಪ್ ಬೆಳಕು ನುಂಗುತ್ತದೆ. ಐಎಸ್‌ಒ 100ರ ಫಿಲ್ಮ್, ಎಫ್ 16, ಕೆಂಪು ಫಿಲ್ಟರ್, ಚೆನ್ನಾದ ಬಿಸಿಲು, ಇಷ್ಟಿದ್ದರೆ 1/15ರ ಹತ್ತಿರಕ್ಕೆ ಬಂದುಬಿಡುತ್ತೀರಿ. ಹತ್ತು ಹದಿನೈದು ಫ್ರೇಮ್ ತೆಗೆಯಿರಿ, ಪ್ರತಿಯೊಂದರಲ್ಲೂ ರೆಕ್ಕೆ ಬೇರೆ ಜಾಗದಲ್ಲಿರುತ್ತದೆ.

ಒಂದು ಎಚ್ಚರಿಕೆ. ಈ ಯಂತ್ರಗಳ ರೆಕ್ಕೆ ತುದಿ ನೆಲವನ್ನು ಇನ್ನೇನು ಸವರುತ್ತದೆ ಅನ್ನುವಷ್ಟು ಕೆಳಕ್ಕೆ ಬರುತ್ತದೆ. ತಿರುಗುವಾಗ ಬೇಲಿ ದಾಟಿ ಮುಂದೆ ಹೋಗಬೇಡಿ, ಮಕ್ಕಳ ಕೈ ಬಿಡಬೇಡಿ. ಅಲ್ಲದೆ ಬಹಳಷ್ಟು ಯಂತ್ರಗಳಲ್ಲಿ ಈಗಲೂ ಸಂಸಾರಗಳು ಇವೆ. ಕಿಟಕಿ ಚೆನ್ನಾಗಿದೆ ಅಂತ ಯಾರದೋ ಅಡುಗೆಮನೆಗೆ ಲೆನ್ಸ್ ಹಿಡಿಯುವುದು ಬೇಡ.

ಎಲ್ಲಿ ನಿಲ್ಲಬೇಕು? ಹತ್ತಿರ ಹೋಗಿ ವೈಡ್ ಲೆನ್ಸ್‌ನಲ್ಲಿ ತಲೆಯೆತ್ತಿ ತೆಗೆಯುವ ಆಸೆ ಎಲ್ಲರಿಗೂ ಆಗುತ್ತದೆ. ಯಂತ್ರದ ಮೈ ಮೊದಲೇ ಮೇಲಕ್ಕೆ ಹೋಗುತ್ತಾ ಸಣ್ಣಗಾಗುತ್ತದೆ, ವೈಡ್ ಲೆನ್ಸ್ ಅದನ್ನು ಇನ್ನೂ ಹಿಂಡಿ ಗೋಪುರವನ್ನು ಕುಳ್ಳ ಮಾಡುತ್ತದೆ. ಹಿಂದೆ ಬನ್ನಿ, 50 ಅಥವಾ 85 ಎಂಎಂ ಸಾಕು. ಸಾಲಾಗಿರುವ ಎಂಟನ್ನೂ ಹಿಡಿಯಬೇಕಿದ್ದರೆ ಕಾಲುವೆಯ ಉದ್ದಕ್ಕೂ ನೋಡುವ ಹಾಗೆ ನಿಂತು 135ರಿಂದ 200ರವರೆಗೆ ಹೋಗಿ. ಆಗ ದೂರದವು ಹತ್ತಿರ ಬಂದು ಒತ್ತಾಗಿ ಕಾಣುತ್ತವೆ. ಒಂದರ ರೆಕ್ಕೆ ಇನ್ನೊಂದರ ಮೈ ಮೇಲೆ ಬರದ ಹಾಗೆ ಎಡಕ್ಕೆ ಬಲಕ್ಕೆ ಎರಡು ಹೆಜ್ಜೆ ಸರಿದು ನೋಡಿ. ಬಣ್ಣದಲ್ಲಿ ಅವು ಬೇರೆ ಬೇರೆ ಅಂತ ಕಣ್ಣಿಗೆ ತಿಳಿಯುತ್ತದೆ, ಕಪ್ಪು-ಬಿಳುಪಿನಲ್ಲಿ ಎಲ್ಲ ಒಂದೇ ಮುದ್ದೆ ಆಗುತ್ತದೆ. ಮುಂದುಗಡೆ ಜೊಂಡು ಹುಲ್ಲು ಸ್ವಲ್ಪ ಬರಲಿ, ಜಾಸ್ತಿ ಬೇಡ.

ನೀರಿನಲ್ಲಿ ಪ್ರತಿಬಿಂಬ ಬೇಕು ಅಂತ ಎಲ್ಲರೂ ಕೇಳುತ್ತಾರೆ. ಇಲ್ಲೂ ಗಾಳಿಯದ್ದೇ ಮಾತು. ರೆಕ್ಕೆ ತಿರುಗುವಷ್ಟು ಗಾಳಿ ಇದ್ದರೆ ನೀರು ಕನ್ನಡಿಯಂತೆ ನಿಲ್ಲುವುದಿಲ್ಲ, ನೀರು ನಿಂತಿದ್ದರೆ ರೆಕ್ಕೆಯೂ ನಿಂತಿರುತ್ತದೆ. ಎರಡರಲ್ಲಿ ಒಂದನ್ನು ಆರಿಸಿಕೊಂಡೇ ಹೋಗಿ. ಪ್ರತಿಬಿಂಬಕ್ಕೆ ಬೆಳಗಿನ ಜಾವ, ಮಂಜು ಇದ್ದರಂತೂ ಬಿಡಲೇಬೇಡಿ, ಹಿಂದಿನ ಸಾಲೆಲ್ಲ ಅಳಿಸಿಹೋಗಿ ಒಂದೇ ಒಂದು ಉಳಿಯುತ್ತದೆ.

ಬಣ್ಣವನ್ನು ಬೂದು ಛಾಯೆಗೆ ಇಳಿಸುವ ಕೆಲಸ ಕೊನೆಗೆ. ಕ್ಯಾಮೆರಾದಲ್ಲಿ ಮೊನೊಕ್ರೋಮ್ ಇಟ್ಟುಕೊಳ್ಳಿ, ಆದರೆ ಫೈಲ್ ರಾ, ಅಂದರೆ ಕ್ಯಾಮೆರಾ ತಿದ್ದದೆ ಉಳಿಸುವ ಕಚ್ಚಾ ಫೈಲ್, ಆಗಿರಲಿ. ನೋಡುವಾಗ ಕಪ್ಪು-ಬಿಳುಪು ಕಾಣುತ್ತದೆ, ಒಳಗೆ ಬಣ್ಣವೆಲ್ಲ ಉಳಿದಿರುತ್ತದೆ. ಬೆಳಕಿನ ಅಳತೆ ಮಾಡುವಾಗ ಬಿಳಿ ಮೋಡ ಸುಟ್ಟುಹೋಗದಂತೆ ನೋಡಿಕೊಳ್ಳಿ, ನೆರಳನ್ನು ಆಮೇಲೆ ಎತ್ತಬಹುದು. ಫಿಲ್ಮ್‌ನಲ್ಲಿ ಇದಕ್ಕೆ ವಿರುದ್ಧ, ನೆರಳಿಗೆ ಸಾಕಷ್ಟು ಬೆಳಕು ಕೊಡಿ. ನೀಲಿ ಆಕಾಶ ಕಪ್ಪಾಗಿ ಮೋಡ ಎದ್ದು ಕಾಣಬೇಕಿದ್ದರೆ ಹಳದಿ, ಕಿತ್ತಳೆ, ಕೆಂಪು ಫಿಲ್ಟರ್, ಈ ಕ್ರಮದಲ್ಲಿ ಪರಿಣಾಮ ಏರುತ್ತಾ ಹೋಗುತ್ತದೆ. ನಾನು ಕಿತ್ತಳೆಯಲ್ಲೇ ನಿಲ್ಲುತ್ತೇನೆ. ಕೆಂಪು ಹಾಕಿದರೆ ಇಟ್ಟಿಗೆ ಬೆಳ್ಳಗಾಗುತ್ತದೆ, ಹಸಿರು ಹುಲ್ಲು ತೀರಾ ಕಪ್ಪಾಗುತ್ತದೆ. ಡಿಜಿಟಲ್‌ನಲ್ಲಿ ಫೋಟೋ ತಿದ್ದುವ ಲೈಟ್‌ರೂಮ್‌ನ ನೀಲಿ ಸ್ಲೈಡರ್ ಇಳಿಸಿದರೂ ಅದೇ ಕೆಲಸ ಆಗುತ್ತದೆ, ಫೋನಿನಲ್ಲಿ ಸ್ನ್ಯಾಪ್‌ಸೀಡ್ ಆ್ಯಪ್‌ನಲ್ಲೂ ಬಣ್ಣದ ಫಿಲ್ಟರ್ ಆಯ್ಕೆ ಇದೆ. ಆದರೆ ನೀಲಿಯನ್ನು ತುಂಬಾ ಎಳೆದರೆ ರೆಕ್ಕೆಯ ಹಂದರದ ಸುತ್ತ ಬಿಳಿ ಅಂಚು ಮೂಡುತ್ತದೆ. ದೊಡ್ಡದು ಮಾಡಿ ನೋಡಿ, ಅಂಚು ಕಂಡ ಕೂಡಲೇ ಹಿಂದಕ್ಕೆ ಬನ್ನಿ. ಮತ್ತೆ, ಮೋಡ ಪೂರ್ತಿ ಮುಚ್ಚಿದ ದಿನ ಯಾವ ಫಿಲ್ಟರ್ ಹಾಕಿದರೂ ಆಕಾಶ ಬದಲಾಗುವುದಿಲ್ಲ, ಅದರಲ್ಲಿ ನೀಲಿಯೇ ಇಲ್ಲವಲ್ಲ. ಅಂಥ ದಿನ ಆಕಾಶ ಬಿಟ್ಟು ಹತ್ತಿರ ಹೋಗಿ: ಬಾಲದ ಚಕ್ರ, ಸರಪಳಿ, ರೆಕ್ಕೆಗೆ ಕಟ್ಟುವ, ಸುತ್ತಿಟ್ಟ ಕ್ಯಾನ್ವಾಸ್ ಬಟ್ಟೆ, ಒದ್ದೆ ಹುಲ್ಲು.

ನಿಂತ ರೆಕ್ಕೆಯ ಫೋಟೋ ತೆಗೆಯುವಾಗ ಅದು ನಿಂತ ರೀತಿಯನ್ನೂ ಗಮನಿಸಿ. ಡಚ್ ಗಾಳಿಯಂತ್ರದ ರೆಕ್ಕೆ ಎದುರಿನಿಂದ ನೋಡಿದರೆ ಗಡಿಯಾರಕ್ಕೆ ವಿರುದ್ಧವಾಗಿ ತಿರುಗುತ್ತದೆ. ಸುಮ್ನೆ ಬಿಡುವಿನಲ್ಲಿದ್ದರೆ ನೆಟ್ಟಗಿನ ಅಥವಾ ಓರೆ ಶಿಲುಬೆಯಂತೆ ನಿಲ್ಲಿಸುತ್ತಾರೆ. ಮೇಲಿನ ರೆಕ್ಕೆ ನೆತ್ತಿಗೆ ಬರುವ ಸ್ವಲ್ಪ ಮುಂಚೆ, ಅಂದರೆ ನಿಮ್ಮ ಬಲಕ್ಕೆ ನಿಂತಿದ್ದರೆ ಆ ಮನೆಯಲ್ಲಿ ಸಂಭ್ರಮ, ಮದುವೆಯೋ ಮಗು ಹುಟ್ಟಿದ್ದೋ ಇರಬಹುದು. ನೆತ್ತಿ ದಾಟಿ ಸ್ವಲ್ಪ ಎಡಕ್ಕೆ ಇಳಿದಿದ್ದರೆ ಸೂತಕ. 2014ರ ಜುಲೈನಲ್ಲಿ ಆಮ್‌ಸ್ಟರ್‌ಡ್ಯಾಮ್‌ನಿಂದ ಹೊರಟಿದ್ದ ಎಂಎಚ್17 ವಿಮಾನ ದುರಂತವಾದಾಗ ದೇಶದ ಅದೆಷ್ಟೋ ಗಾಳಿಯಂತ್ರಗಳ ರೆಕ್ಕೆಗಳನ್ನು ಹೀಗೆ ಸೂತಕದಲ್ಲಿ ನಿಲ್ಲಿಸಿದ್ದರು. ಆದ್ದರಿಂದ ಒಂದು ಕೆಲಸ ಮಾತ್ರ ಯಾವತ್ತೂ ಮಾಡಬೇಡಿ: ಚೌಕಟ್ಟಿಗೆ ಚೆನ್ನಾಗಿ ಕೂರುತ್ತದೆ ಅಂತ ಫೋಟೋವನ್ನು ಕನ್ನಡಿಯಲ್ಲಿ ಕಂಡ ಹಾಗೆ ಎಡ-ಬಲ ಅದಲುಬದಲು ಮಾಡಬೇಡಿ. ಫಿಲ್ಮ್ ಸ್ಕ್ಯಾನ್ ಮಾಡಿಸಿದರೂ ಮಗುಚಿ ಹಾಕಿಲ್ಲ ತಾನೇ ಅಂತ ಒಮ್ಮೆ ನೋಡಿಕೊಳ್ಳಿ. ಮಗುಚಿದರೆ ಮದುವೆಮನೆ ಸೂತಕದ ಮನೆಯಾಗುತ್ತದೆ, ಇಲ್ಲಿನವರಿಗೆ ಅದು ನೋಡಿದ ಕೂಡಲೇ ತಿಳಿಯುತ್ತದೆ.