ಪೇರೆಂಟ್ ಕೋಚಿಂಗ್: ಮಕ್ಕಳಿರುವವರು ಬಿಡುವಿಗೆ ತಕ್ಕಂತೆ ಕಟ್ಟಿಕೊಳ್ಳಬಹುದಾದ ವೃತ್ತಿ

ಪೇರೆಂಟ್ ಕೋಚ್ ಆಗಬೇಕೆಂದು ಯೋಚಿಸುವವರು ಮೊದಲು ಈ ಕೆಲಸದ ಮೇರೆಯನ್ನು ಅರಿತಿರಬೇಕು. ಮಲಗುವ ಹೊತ್ತಿನ ರಗಳೆ, ಹೋಂವರ್ಕ್ ಜಗಳ, ಮೊಬೈಲ್ ಕೈಬಿಡದ ಹಠ, ಒಡಹುಟ್ಟಿದವರ ಕಿತ್ತಾಟ, ಹೀಗೆ ಮನೆಯಲ್ಲಿ ದಿನವೂ ಮರುಕಳಿಸುವ ಒಂದು ತೊಡಕನ್ನು ಪೋಷಕರೊಂದಿಗೆ ಕೂತು ಬಿಡಿಸಿ ನೋಡುವುದು, ಅವರು ತಮ್ಮ ಮನೆಗೆ ಹೊಂದುವ ದಾರಿಯನ್ನು ತಾವೇ ಆರಿಸಿಕೊಂಡು ಕೆಲವು ವಾರ ಬಿಡದೆ ಪಾಲಿಸುವಾಗ ಜೊತೆಗಿರುವುದು, ಇಷ್ಟೇ ಕೋಚ್‌ನ ಕೆಲಸ. ಮಗುವಿಗೆ ಚಿಕಿತ್ಸೆ ಕೊಡುವುದು ಮನಃಶಾಸ್ತ್ರಜ್ಞರ ಮತ್ತು ವೈದ್ಯರ ಹೊಣೆ. ಈ ಗೆರೆ ನಿಮಗೆ ಸ್ಪಷ್ಟವಾಗಿದ್ದರೆ ಮುಂದಿನ ಅನೇಕ ನಿರ್ಧಾರಗಳು ಸುಲಭವಾಗುತ್ತವೆ.

ಇಬ್ಬರು ಮಕ್ಕಳನ್ನು ಬೆಳೆಸಿದ ಅನುಭವ ದೊಡ್ಡ ಆಸ್ತಿಯೇ ಸರಿ, ಆದರೆ ಅದು ಆ ಇಬ್ಬರು ಮಕ್ಕಳ ಅನುಭವ ಮಾತ್ರ. ಕೋಚಿಂಗ್ ಬಹುಮಟ್ಟಿಗೆ ಸರ್ಕಾರಿ ಪರವಾನಗಿಯ ಕಟ್ಟಿಲ್ಲದ ವೃತ್ತಿಯಾದ್ದರಿಂದ ಯಾರು ಬೇಕಾದರೂ ಬೋರ್ಡ್ ಹಾಕಿಕೊಳ್ಳಬಹುದು. ಆ ಕಾರಣಕ್ಕೇ ಸರಿಯಾದ ತರಬೇತಿ ಪಡೆಯುವ ಹೊಣೆ ನಮ್ಮ ಹೆಗಲಿಗೇ ಬೀಳುತ್ತದೆ. ಬೇಕಾದ ಕಲಿಕೆ ಎರಡು ಬಗೆಯದು. ಮೊದಲನೆಯದು ಕೇಳಿಸಿಕೊಳ್ಳುವ, ಪ್ರಶ್ನೆ ಕೇಳುವ ಕೌಶಲ. 1995ರಲ್ಲಿ ಆರಂಭವಾದ ಇಂಟರ್‌ನ್ಯಾಷನಲ್ ಕೋಚಿಂಗ್ ಫೆಡರೇಶನ್ ತನ್ನ ಮೊದಲ ಹಂತದ ಮಾನ್ಯತೆಗೆ ಕನಿಷ್ಠ 60 ಗಂಟೆಗಳ ತರಬೇತಿಯನ್ನೂ 100 ಗಂಟೆಗಳ ಕೋಚಿಂಗ್ ಅನುಭವವನ್ನೂ ಕೇಳುತ್ತದೆ. ಆ ಪ್ರಮಾಣಪತ್ರ ನಿಮಗೆ ಬೇಡವೆನಿಸಿದರೂ ಎಷ್ಟು ಅಭ್ಯಾಸ ಬೇಕಾದೀತು ಎಂಬುದಕ್ಕೆ ಅದೊಂದು ಒಳ್ಳೆಯ ಅಳತೆ.

ಎರಡನೆಯದು ಮಕ್ಕಳ ಬೆಳವಣಿಗೆಯ ತಿಳಿವಳಿಕೆ. 1960ರ ದಶಕದಲ್ಲಿ ಮನಃಶಾಸ್ತ್ರಜ್ಞೆ ಡಯಾನಾ ಬೌಮ್‌ರಿಂಡ್ ಗುರುತಿಸಿದ ಪಾಲನೆಯ ಶೈಲಿಗಳನ್ನು, ಅಂದರೆ ಬರೀ ಅಧಿಕಾರ ನಡೆಸುವ ಪಾಲನೆ, ಎಲ್ಲಕ್ಕೂ ಬಿಟ್ಟುಕೊಡುವ ಪಾಲನೆ ಮತ್ತು ಪ್ರೀತಿಯನ್ನೂ ಕಟ್ಟುಪಾಡನ್ನೂ ಒಟ್ಟಿಗೆ ನಡೆಸುವ ಪಾಲನೆಯನ್ನು, ಓದಿ ತಿಳಿದಿರಬೇಕು. ಕೋಚ್‌ಗೆ ಇದಕ್ಕಿಂತಲೂ ಹೆಚ್ಚು ನೆರವಾಗುವುದು ಅಮೆರಿಕದ ಮನಃಶಾಸ್ತ್ರಜ್ಞ ಜೆರಾಲ್ಡ್ ಪ್ಯಾಟರ್ಸನ್ ವಿವರಿಸಿದ ಒತ್ತಾಯದ ಸುಳಿ ಎಂಬುದು ನನ್ನ ಅಭಿಪ್ರಾಯ. ಮಗು ಮೊಬೈಲ್ ಇನ್ನೂ ಐದು ನಿಮಿಷ ಬೇಕೆನ್ನುತ್ತದೆ, ತಾಯಿ ಬೇಡವೆನ್ನುತ್ತಾರೆ, ಮಗು ಕಿರುಚುತ್ತದೆ, ತಾಯಿ ಸೋತು ಕೊಟ್ಟುಬಿಡುತ್ತಾರೆ, ಮನೆ ತಣ್ಣಗಾಗುತ್ತದೆ. ಕಿರುಚಿದರೆ ಸಿಗುತ್ತದೆ ಎಂದು ಮಗು ಕಲಿತರೆ, ಕೊಟ್ಟರೆ ಗಲಾಟೆ ನಿಲ್ಲುತ್ತದೆ ಎಂದು ತಾಯಿಯೂ ಕಲಿತಿರುತ್ತಾರೆ. ಹೀಗೆ ಇಬ್ಬರಿಗೂ ಆ ಕ್ಷಣಕ್ಕೆ ಲಾಭವಾಗುವುದರಿಂದಲೇ ಸುಳಿ ಗಟ್ಟಿಯಾಗುತ್ತದೆ. ಇದನ್ನು ಅರಿತ ಕೋಚ್ ತಾಯಿಯನ್ನೂ ದೂಷಿಸುವುದಿಲ್ಲ, ಮಗುವನ್ನೂ ದೂಷಿಸುವುದಿಲ್ಲ.

ಮೊದಲ ಭೇಟಿಯಲ್ಲಿ ಇದು ಹೇಗೆ ಕೆಲಸಕ್ಕೆ ಬರುತ್ತದೆ ಎಂಬುದನ್ನು ನೋಡಿ. ಒಬ್ಬ ತಂದೆ, "ಹುಡುಗ ನನ್ನ ಮಾತನ್ನೇ ಕೇಳುವುದಿಲ್ಲ" ಎಂದು ಆರಂಭಿಸುತ್ತಾರೆ ಎನ್ನೋಣ. ಆ ಮಾತಿನ ಮೇಲೆ ಸಲಹೆ ಕೊಡಲು ಹೊರಟರೆ ನೀವು ಅವರ ಬೇಸರಕ್ಕೆ ಉತ್ತರ ಕೊಟ್ಟಂತಾಗುತ್ತದೆಯೇ ಹೊರತು ಮನೆಯಲ್ಲಿ ನಡೆದದ್ದಕ್ಕಲ್ಲ. "ನಿನ್ನೆ ಸಂಜೆ ಏನಾಯಿತು, ಮೊದಲಿನಿಂದ ಹೇಳಿ" ಎಂದು ಕೇಳಿ. ಹುಡುಗ ಎಲ್ಲಿದ್ದ, ಏನು ಮಾಡುತ್ತಿದ್ದ, ನೀವು ಎಲ್ಲಿ ನಿಂತು ಕರೆದಿರಿ, ಆಮೇಲೆ ಏನು ಹೇಳಿದಿರಿ, ಕೊನೆಗೆ ಹೇಗೆ ಮುಗಿಯಿತು? ಹುಡುಗ ಬ್ಲಾಕ್ಸ್ ಜೋಡಿಸುವುದರಲ್ಲಿ ಮುಳುಗಿದ್ದ, ತಂದೆ ಬೇರೆ ಕೋಣೆಯಿಂದ ಮೂರು ಸಲ ಕೂಗಿದ್ದರು, ನಾಲ್ಕನೆಯ ಸಲ ಸಿಟ್ಟು ಬಂದಿತ್ತು ಎಂಬುದು ಆಗ ಹೊರಬರಬಹುದು. ಪರಿಹಾರವನ್ನು ಅನೇಕ ವೇಳೆ ಅವರೇ ಹೇಳುತ್ತಾರೆ: ಹತ್ತಿರ ಹೋಗಿ, ಹತ್ತು ನಿಮಿಷ ಮುಂಚೆ ಒಮ್ಮೆ ತಿಳಿಸಿ, ಹೊತ್ತಾದಾಗ ಪಕ್ಕದಲ್ಲೇ ನಿಲ್ಲುವುದು. ಒಂದು ವಾರಕ್ಕೆ ಇಂಥ ಒಂದೇ ಬದಲಾವಣೆ ಸಾಕು. ಎಷ್ಟು ದಿನ ಪಾಲಿಸಿದರು, ಎಷ್ಟು ಸಲ ಜಗಳವಾಯಿತು ಎಂಬುದನ್ನು ಕ್ಯಾಲೆಂಡರ್ ಮೇಲೆ ಗುರುತು ಹಾಕಲು ಹೇಳಿ. ಮಗುವಿನ ನಿದ್ದೆಯ ಲೆಕ್ಕವನ್ನೂ ಮರೆಯದೆ ಕೇಳಿ. 3ರಿಂದ 4 ವರ್ಷದ ಮಗುವಿಗೆ ದಿನಕ್ಕೆ 10ರಿಂದ 13 ಗಂಟೆ ನಿದ್ದೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ, ಮತ್ತು ಸಂಜೆಯ ಎಷ್ಟೋ ಹಠಗಳ ಹಿಂದೆ ನಿದ್ದೆಯ ಕೊರತೆ ಇರುತ್ತದೆ.

ಒಂದೇ ಭೇಟಿಯ ಸೇವೆ ಮಾರಲು ಹೋಗಬೇಡಿ. ಪೋಷಕರು ಹಳೆಯ ರೀತಿಯನ್ನು ಬಿಟ್ಟಾಗ ಮಗುವಿನ ಹಠ ಇಳಿಯುವ ಮೊದಲು ಸಾಮಾನ್ಯವಾಗಿ ಒಮ್ಮೆ ಏರುತ್ತದೆ. ಇದುವರೆಗೆ ಫಲಿಸಿದ ಉಪಾಯ ಈಗ ಫಲಿಸದಿದ್ದಾಗ ಮಗು ಅದನ್ನೇ ಇನ್ನಷ್ಟು ಜೋರಾಗಿ ಪ್ರಯತ್ನಿಸುತ್ತದೆ. ಮುಂಚಿತವಾಗಿ ತಿಳಿಸದಿದ್ದರೆ ಪೋಷಕರು ಆ ಹಂತದಲ್ಲೇ ಕೈಚೆಲ್ಲುತ್ತಾರೆ. ಹಾಗಾಗಿ ಆರರಿಂದ ಎಂಟು ಭೇಟಿಗಳ ಪ್ಯಾಕೇಜ್ ಇಟ್ಟು, ಶುಲ್ಕವನ್ನೂ ಆ ಲೆಕ್ಕದಲ್ಲೇ ನಿಗದಿಪಡಿಸಿ. ಶುಲ್ಕ ಗೊತ್ತುಮಾಡುವಾಗ ಭೇಟಿಯಲ್ಲಿ ಕೂತ ಹೊತ್ತಿನ ಜೊತೆಗೆ ಟಿಪ್ಪಣಿ ಬರೆಯುವ, ತಯಾರಾಗುವ, ಸಂದೇಶಗಳಿಗೆ ಉತ್ತರಿಸುವ ಹೊತ್ತನ್ನೂ ಸೇರಿಸಬೇಕು. ಆರಂಭದ ಕೆಲವರಿಗೆ ಅಭಿಪ್ರಾಯ ಬರೆದುಕೊಡುವ ಷರತ್ತಿನ ಮೇಲೆ ರಿಯಾಯಿತಿ ಕೊಡಬಹುದು. ನೋಂದಣಿ, ತೆರಿಗೆ, ವೃತ್ತಿ ವಿಮೆಯ ವಿಷಯವನ್ನು ನಿಮ್ಮಲ್ಲಿನ ನಿಯಮ ಬಲ್ಲ ಲೆಕ್ಕಿಗರ ಬಳಿ ಒಮ್ಮೆ ಕೂತು ಮುಗಿಸಿಕೊಳ್ಳಿ.

ಇನ್ನು ಸಮಯದ ಮಾತು. ಈ ವೃತ್ತಿಯ ನಿಜವಾದ ಗಂಟು ಇಲ್ಲಿದೆ: ನಿಮ್ಮ ಬಳಿ ಬರುವವರೂ ಪೋಷಕರೇ, ಅವರಿಗೆ ಬಿಡುವಾಗುವುದು ಸಂಜೆ ಮತ್ತು ವಾರಾಂತ್ಯದಲ್ಲಿ, ಆಗಲೇ ನಿಮ್ಮ ಮಕ್ಕಳಿಗೂ ನೀವು ಬೇಕು. ಇದನ್ನು ಗಮನಿಸದೆ ಆರಂಭಿಸಿದವರು ಬೇರೆ ಮನೆಗಳ ಮಲಗುವ ಹೊತ್ತನ್ನು ಸರಿಪಡಿಸುತ್ತಾ ತಮ್ಮ ಮಕ್ಕಳ ಮಲಗುವ ಹೊತ್ತಿಗೆ ಇಲ್ಲವಾಗುತ್ತಾರೆ. ಅದಕ್ಕಾಗಿ ಮೊದಲ ಗ್ರಾಹಕರು ಬರುವ ಮುಂಚೆಯೇ ವಾರದ ವೇಳಾಪಟ್ಟಿಯಲ್ಲಿ ನಿಮ್ಮ ಮನೆಯ ಹೊತ್ತನ್ನು ಗುರುತಿಸಿ, ಉಳಿದುದರಲ್ಲಿ ಮಾತ್ರ ಭೇಟಿ ಕೊಡಿ: ಮಕ್ಕಳು ಶಾಲೆಯಲ್ಲಿರುವ ಬೆಳಗಿನ ಹೊತ್ತು, ಕೆಲಸಕ್ಕೆ ಹೋಗುವವರ ಊಟದ ವಿರಾಮ, ವಾರಕ್ಕೆ ಹೆಚ್ಚೆಂದರೆ ಎರಡು ನಿಗದಿತ ಸಂಜೆ. ವಾಟ್ಸಾಪ್ ಸಂದೇಶಗಳಿಗೂ ಕಟ್ಟು ಬೇಕು. ದಿನದ ಇಂಥ ಹೊತ್ತಿನಲ್ಲಿ ಮಾತ್ರ ಉತ್ತರಿಸುತ್ತೇನೆಂದು ಒಪ್ಪಂದದಲ್ಲೇ ಬರೆದರೆ ಯಾರಿಗೂ ನೋವಾಗುವುದಿಲ್ಲ. ಈಗಿನ ನೌಕರಿಯನ್ನು ಬಿಡಲು ಆತುರ ಬೇಡ. ವಾರಕ್ಕೆ ಇಬ್ಬರು, ಮೂವರೊಂದಿಗೆ ಕೆಲವು ತಿಂಗಳು ನಡೆಸಿದ ಮೇಲೆ ಹೆಚ್ಚಿಸುವ ಯೋಚನೆ ಮಾಡಬಹುದು.

ಆ ಒಪ್ಪಂದದಲ್ಲಿ ಇನ್ನೊಂದು ಮಾತು ಕಡ್ಡಾಯವಾಗಿ ಇರಬೇಕು. ಹೇಳಿದ್ದನ್ನೆಲ್ಲ ಗುಟ್ಟಾಗಿಡುತ್ತೇನೆ, ಆದರೆ ಮಗುವಿನ ಅಥವಾ ಇನ್ನಾರದೇ ಸುರಕ್ಷತೆಗೆ ಅಪಾಯವಿದ್ದರೆ ಅದು ಗುಟ್ಟಾಗಿ ಉಳಿಯದು ಎಂಬ ಷರತ್ತು ಅದು. ದೌರ್ಜನ್ಯದ ಸುಳಿವು, ಮನೆಯೊಳಗಿನ ಹಿಂಸೆ, ತನಗೆ ತಾನೇ ಗಾಯ ಮಾಡಿಕೊಳ್ಳುವ ಮಗು, ಮಾತು ಅಥವಾ ನಡಿಗೆಯಲ್ಲಿ ಕಾಣುವ ತಡ, ಕಲಿತ ಮಾತನ್ನೇ ಕಳೆದುಕೊಳ್ಳುವುದು, ಪೋಷಕರದೇ ತೀವ್ರ ಖಿನ್ನತೆ, ಇವುಗಳಲ್ಲಿ ಯಾವುದು ಕಂಡರೂ ಕೋಚಿಂಗ್ ಮುಂದುವರಿಸದೆ ತಕ್ಕವರ ಬಳಿ ಕಳಿಸಬೇಕು. ಮಕ್ಕಳ ವೈದ್ಯರು, ಸ್ಪೀಚ್ ಥೆರಪಿಸ್ಟ್, ಆಪ್ತಸಮಾಲೋಚಕರು, ಸಹಾಯವಾಣಿಗಳ ಪಟ್ಟಿಯನ್ನು ಮೊದಲೇ ಸಿದ್ಧಮಾಡಿ ಇಟ್ಟುಕೊಳ್ಳಿ. ವರದಿ ಮಾಡಲೇಬೇಕೆಂಬ ಕಾನೂನು ನಿಮ್ಮಲ್ಲಿದೆಯೇ ಎಂಬುದನ್ನೂ ತಿಳಿದಿರಿ.

ಈ ಪಟ್ಟಿಯಲ್ಲಿರುವ ವೈದ್ಯರು ಮತ್ತು ಶಾಲೆಗಳೇ ಮುಂದೆ ನಿಮ್ಮ ಬಳಿಗೂ ಜನರನ್ನು ಕಳಿಸಬಲ್ಲವರು. ಅವರನ್ನು ಭೇಟಿಯಾಗುವಾಗ "ಎಲ್ಲ ಪೋಷಕರಿಗೂ ನೆರವು" ಎನ್ನುವ ಬದಲು "ಐದರಿಂದ ಹತ್ತು ವರ್ಷದ ಮಕ್ಕಳ ಹೋಂವರ್ಕ್ ಮತ್ತು ಸ್ಕ್ರೀನ್ ಜಗಳಗಳು" ಎಂದು ಹೇಳಿದರೆ ನೆನಪಿನಲ್ಲಿ ಉಳಿಯುತ್ತೀರಿ. ಪೋಷಕರ ಸಭೆಯಲ್ಲಿ ಒಂದೇ ಪ್ರಶ್ನೆಯ ಮೇಲೆ ಒಂದು ಗಂಟೆಯ ಕಾರ್ಯಾಗಾರ ನಡೆಸಿ. ಇಷ್ಟು ದಿನದಲ್ಲಿ ಮಗು ಬದಲಾಗುತ್ತದೆ ಎಂಬ ಭರವಸೆಯನ್ನು ಜಾಹೀರಾತಿನಲ್ಲಿ ಕೊಡಬೇಡಿ, ಗ್ರಾಹಕರ ಮಕ್ಕಳ ಕಥೆಯನ್ನಾಗಲಿ ನಿಮ್ಮ ಮಕ್ಕಳ ಕಥೆಯನ್ನಾಗಲಿ ಗುರುತು ಸಿಗುವಂತೆ ಹಾಕಬೇಡಿ. ಪ್ಯಾಕೇಜ್ ಮುಗಿಯುವ ದಿನ ಮೊದಲ ವಾರದ ಕ್ಯಾಲೆಂಡರನ್ನೂ ಕೊನೆಯ ವಾರದ್ದನ್ನೂ ಪೋಷಕರ ಮುಂದೆ ಒಟ್ಟಿಗೆ ಇಟ್ಟು ನೋಡಿ, ಒಂದು ತಿಂಗಳ ನಂತರದ ಸಣ್ಣ ಕರೆಗೆ ದಿನ ಗೊತ್ತುಮಾಡಿಕೊಳ್ಳಿ.